ವಕೀಲರು ತಂದ ಎಲೆಅಡಿಕೆ

ಗೆಳೆಯರೇ, ನಮ್ಮ ವಾರಪತ್ರಿಕೆ ಬರಲು ಇನ್ನೂ ನಾಲ್ಕು ದಿನವಿದೆ. ಅಲ್ಲಿಯವರೆಗೆ ತಡೆಯಲಾರದೆ ಇದನ್ನು ಬರೆದು ಹೊಸಪೇಟೆಯ ಪ್ರೆಸ್ಸಿನ ಬಾಗಿಲಿಗೇ ಅಂಟಿಸಿದ್ದೇನೆ.

ಕಂಪ್ಲಿಯ ಸಾಹುಕಾರರೊಬ್ಬರು ಊರಿನ ಕಾಲುವೆ ನೀರನ್ನು ತಮ್ಮ ಕಬ್ಬಿಗೆ ತಿರುಗಿಸಿಕೊಂಡರೆಂದು ನಾನು ಬರೆದೆ. ಅವರು ಮಾನನಷ್ಟದ ಮೊಕದ್ದಮೆ ಹೂಡಿದರು. ನಾಳೆ ವಿಚಾರಣೆ. ಇವತ್ತು ಅವರ ವಕೀಲರು ಎಲೆಅಡಿಕೆಯ ತಟ್ಟೆ ಹಿಡಿದು ರಾಜಿಗೆಂದು ಮನೆಗೇ ಬಂದರು.

"ತಪ್ಪಾತು ಅಂತ ಎರಡು ಸಾಲು ಅಚ್ಚು ಹಾಕ್ರಿ, ಕೇಸು ವಾಪಸ್ ತಗೋತೀವಿ. ಈ ಎಲಿ ಹಿಡೀರಿ, ಒಪ್ಪಿದಂಗ ಆತು."

ಜೈಲು ನೆನೆದು ನನ್ನ ಕೈ ತಟ್ಟೆಯತ್ತ ಹೋದದ್ದು ನಿಜ. ಅಷ್ಟರಲ್ಲಿ ನನ್ನ ಹೆಂಡತಿ ತನ್ನ ಚಂಚಿಯಿಂದ ಎಲೆ ತೆಗೆದು, ಸುಣ್ಣ ಹಚ್ಚಿ ವಕೀಲರಿಗೆ ಕೊಟ್ಟಳು.

"ಬಿಸಿಲಾಗ ಬಂದೀರಿ, ಮೊದ್ಲು ನಮ್ಮನಿ ಎಲಿ ತಿನ್ರಿ."

ವಕೀಲರು ಬಾಯಿಗಿಟ್ಟು ಜಗಿದರು.

"ಭಾಳ ಚಲೋ ಆತು. ನಮ್ಮ ಎಲಿ ನೀವು ಹಿಡಿದ್ರಿ. ಇವರು ಬರೆದಿದ್ದು ಖರೇ ಅಂತ ಒಪ್ಪಿದಂಗ ಆತು. ನಿಮ್ಮ ತಾಟು ತಗೊಂಡು ಹೋಗ್ರಿ" ಅಂದಳು.

ಉಗುಳುವಂತಿಲ್ಲ, ನುಂಗುವಂತಿಲ್ಲ. ವಕೀಲರು ತುಂಬಿದ ಬಾಯಲ್ಲೇ ಜಟಕಾ ಹತ್ತಿದರು.

ನನ್ನ ಪರ ವಾದಿಸಲು ಯಾರೂ ಇಲ್ಲವೆಂದು ಮರುಗುತ್ತಿದ್ದವರು ಇನ್ನು ಚಿಂತೆ ಬಿಡಿ. ಮನೆಯಲ್ಲೇ ಇದ್ದಾಳೆ, ಕರಿ ಕೋಟು ಹೊಲಿಸುವುದೊಂದೇ ಬಾಕಿ.