ಕಷಾಯದ ಚಿಕ್ಕಮ್ಮ
ನೆಂಟರಲ್ಲಿ ಯಾರಿಗೆ ಹೆರಿಗೆಯಾದರೂ ಕರೆಯದೆ ಬಂದು ಒಕ್ಕರಿಸುವ ಆ ಹೆಂಗಸಿಗೆ ಕಷಾಯದ ಚಿಕ್ಕಮ್ಮ ಎಂದೇ ಹೆಸರು. ಚಪ್ಪಲಿ ಬಿಡುವ ಮೊದಲೇ "ಹಾಲು ಸಾಲದು" ಎಂದು ತೀರ್ಪು ಕೊಡುವುದು, ಯಾರನ್ನೂ ಕೇಳದೆ ಒಲೆ ಹಚ್ಚುವುದು, ಚಿಟಿಕೆ ಎನ್ನುತ್ತ ಹಿಡಿಗಟ್ಟಲೆ ಪುಡಿ ಸುರಿಯುವುದು ಅವರ ಕ್ರಮ. ಇದೆಂಥ ಎಲೆ ಎಂದು ಕೇಳಿದರೆ, "ಗಿಡದ್ದು ಕಣೆ, ಗಿಡದಿಂದ ಯಾರಿಗಾದ್ರೂ ಕೆಟ್ಟದಾಗುತ್ತಾ?" ಎನ್ನುವರು, ವಿಷದ ಕಾಯಿಯೂ ಗಿಡದಲ್ಲೇ ಬಿಡುತ್ತದೆಂಬುದು ಅವರ ಪಾಂಡಿತ್ಯಕ್ಕೆ ನಿಲುಕದ ಸಂಗತಿ. ತಮ್ಮ ಅಕ್ಕನ ಮಗಳ ಬಾಣಂತನದಲ್ಲೂ ಹೀಗೇ ನಾಲ್ಕು ದಿನ ಕಷಾಯ ಕುಡಿಸಿದರು. ಐದನೆಯ ದಿನ ಕೂಸು ಮಂಪರು ಹಿಡಿದು, ಬಾಯಿಗೆ ಮೊಲೆಯಿಟ್ಟರೂ ಚೀಪದಾಯಿತು. ಎಲ್ಲರೂ ಆಸ್ಪತ್ರೆಗೆ ಓಡಿದರು. "ತಾಯಿ ಕುಡಿದದ್ದು ಹಾಲಿಗೂ ಇಳಿಯಬಹುದು. ಏನು ಕೊಟ್ರಿ?" ಎಂದು ಡಾಕ್ಟರಮ್ಮ ಕೇಳಿದಾಗ, ಊರಿಗೆಲ್ಲ ಮದ್ದು ಹೇಳುವ ಚಿಕ್ಕಮ್ಮನಿಗೆ ಆ ಎಲೆಯ ಹೆಸರೇ ಬಾಯಿಗೆ ಬರಲಿಲ್ಲ. "ಹಸಿರಾಗಿರುತ್ತೆ," ಎಂದರು. ಕಷಾಯ ನಿಂತಿತು, ಎರಡು ದಿನ ಆಸ್ಪತ್ರೆಯಲ್ಲಿದ್ದು ಕೂಸು ಚೇತರಿಸಿಕೊಂಡಿತು. ಮನೆಗೆ ಬಂದ ಬಾಣಂತಿ ರೇಗಿ, "ನಿಮ್ಮ ಬಾಣಂತನದಲ್ಲಿ ನೀವೂ ಇದನ್ನೇ ಕುಡಿದ್ರಾ ಚಿಕ್ಕಮ್ಮ?" ಎಂದಳು. ಜೀವಮಾನದಲ್ಲೇ ಮೊದಲ ಸಲ ಚಿಕ್ಕಮ್ಮನ ದನಿ ಇಳಿಯಿತು. "ನನಗೆ ಯಾರೇ ಕೊಡೋರಿದ್ರು? ಹಾಲು ಬರ್ತಿಲ್ಲ ಅಂತ ಹದಿನೈದು ದಿನ ಅಳ್ತಾ ಕೂತಿದ್ದೆ. ಒಬ್ಬರೂ ಬಂದು ಏನಾಯ್ತು ಅಂತ ಕೇಳ್ಲಿಲ್ಲ." ಬಾಣಂತಿಗೆ ಸಿಟ್ಟು ಇಳಿಯಲಿಲ್ಲ, ಬಯ್ಯಲೂ ಆಗಲಿಲ್ಲ. "ನಾಳೆನೂ ಬನ್ನಿ," ಎಂದಳು, "ಬರಿಗೈಲಿ ಬನ್ನಿ."