ಉಪ್ಪು ಎಡಕ್ಕೆ, ಪಾಯಸ ಬಲಕ್ಕೆ

ನನಗೆ ಎಡ ಯಾವುದು, ಬಲ ಯಾವುದು ಅಂತ ಥಟ್ಟನೆ ಗೊತ್ತಾಗುವುದಿಲ್ಲ. ಬೇರೆ ಯಾರಾದರೂ ಹೀಗೆ ಹೇಳಿದರೆ ನಕ್ಕು ಸುಮ್ಮನಾಗಬಹುದು. ನಾನು ಹೈಸ್ಕೂಲಿನ ಪಿ.ಟಿ. ಮಿಸ್. ಇಪ್ಪತ್ತು ವರ್ಷದಿಂದ ಗುಬ್ಬಿಯ ಬಿಸಿಲಲ್ಲಿ ನಿಂತು ಮಕ್ಕಳಿಗೆ ‘ಎಡಕ್ಕೆ ತಿರುಗ್, ಬಲಕ್ಕೆ ತಿರುಗ್’ ಅಂತ ಕೂಗಿ ಸಂಬಳ ತೆಗೆದುಕೊಂಡಿದ್ದೇನೆ. ತಪ್ಪು ತಿರುಗಿದವರಿಗೆ ಬೈದೂ ಇದ್ದೇನೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಕವಾಯತಿನಲ್ಲಿ ತಪ್ಪಿಸಿಕೊಳ್ಳುವುದು ಸುಲಭ. ಚಿಕ್ಕವರಿದ್ದಾಗ ಹಾಕಿದ ಸೂಜಿಯ ಗುರುತು ಎಲ್ಲರಿಗೂ ಎಡತೋಳಿನ ಮೇಲೆ ಇರುತ್ತದೆ. ಆರ್ಡರ್ ಕೊಡುವ ಮುನ್ನ ಸೊಳ್ಳೆ ಕಚ್ಚಿದವಳ ಹಾಗೆ ತೋಳು ಉಜ್ಜಿ, ಗುರುತು ಕೈಗೆ ಸಿಕ್ಕಿದ ಕಡೆ ಎಡ ಅಂತ ಖಾತ್ರಿ ಮಾಡಿಕೊಂಡು ಬಾಯಿ ಬಿಡುತ್ತೇನೆ. ಸ್ಕೂಟರಿನಲ್ಲಿ ತೋಳು ಉಜ್ಜಲು ಪುರುಸೊತ್ತಿರುವುದಿಲ್ಲ. ಶೆಟ್ಟಿಹಳ್ಳಿಯ ನಮ್ಮ ಮನೆ ತಿರುವಿನಲ್ಲಿ ಇಂಡಿಕೇಟರು ಒಂದು ಕಡೆ, ನಾನು ಒಂದು ಕಡೆ. ಹಿಂದೆ ಕೂತ ನನ್ನ ಯಜಮಾನರು ಇಷ್ಟು ವರ್ಷವೂ ಅದನ್ನು ನನ್ನ ಕೊಬ್ಬು ಅಂತಲೇ ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ದಡ್ಡಿ ಅನ್ನಿಸಿಕೊಳ್ಳುವುದಕ್ಕಿಂತ ಕೊಬ್ಬು ವಾಸಿ.

ಇದಕ್ಕೆ ಮೂಲ ನಮ್ಮಜ್ಜಿ. ನಾನು ಹುಟ್ಟು ಎಡಚಿ. ಅನ್ನಕ್ಕೆ ಎಡಗೈ ಹಾಕಿದರೆ ಸಾಕು, ‘ಎಡಗೈಲಿ ಉಣ್ಣೋದು ಯಾವ ಸೀಮೆ ಬುದ್ಧಿ ಕಣೇ?’ ಅಂತ ಕೈ ಮೇಲೆ ಪಟಾರನೆ ಬಿಡುತ್ತಿದ್ದಳು. ಏಟು ನಾಟದೆ ಹೋದಾಗ ಊಟಕ್ಕೆ ಕೂರಿಸುವ ಮೊದಲು ಟವಲಿನಲ್ಲಿ ನನ್ನ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟತೊಡಗಿದಳು. ಗಂಟು ಬಿಗಿಯಾಗಿ ಹಾಕುತ್ತಿರಲಿಲ್ಲ, ಅದನ್ನು ಹೇಳಲೇಬೇಕು. ಕಟ್ಟಿ, ‘ಉಣ್ಣೋ ಕೈ ಬಲಗೈ, ತೊಳ್ಯೋ ಕೈ ಎಡಗೈ’ ಅಂತ ಬಾಯಿಪಾಠ ಮಾಡಿಸುತ್ತಿದ್ದಳು. ಉಣ್ಣಲು ಮುಂದಾಗುತ್ತಿದ್ದ ನನ್ನ ಕೈ ಎಡಗೈ. ಅಲ್ಲಿಗೆ ಪಾಠ ತಲೆಯೊಳಗೆ ಉಲ್ಟಾ ಕೂತುಬಿಟ್ಟಿತು. ನಂಟರ ಮನೆಗೆ ಹೋದರೆ ಟವಲು ಇರುತ್ತಿರಲಿಲ್ಲ. ನಾನೇ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದೆ. ‘ಎಷ್ಟು ಒಳ್ಳೆ ಹುಡುಗಿ’ ಅನ್ನುತ್ತಿದ್ದರು.

ಹೀಗಿರುವಾಗ ಹೋದ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಹೆಣ್ಣುಮಕ್ಕಳ ಫ್ಲ್ಯಾಗ್ ಫುಟ್ಬಾಲ್ ತಂಡ ಕಟ್ಟಿ, ತುಮಕೂರಿಗೆ ಆಡಿಸಲು ಕರೆತನ್ನಿ ಅಂತ. ಹೆಸರಿಗೆ ಫುಟ್ಬಾಲು, ಕಾಲಿಗೆ ಓಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಮೊಟ್ಟೆ ಆಕಾರದ ಚೆಂಡನ್ನು ಒಬ್ಬಳು ಕೈಯಲ್ಲಿ ಎಸೆಯಬೇಕು, ಇನ್ನೊಬ್ಬಳು ಹಿಡಿದುಕೊಂಡು ಆ ತುದಿಯ ಗೆರೆ ದಾಟಬೇಕು. ಎಲ್ಲರ ಸೊಂಟದಲ್ಲೂ ಬಟ್ಟೆಪಟ್ಟಿ ನೇತಾಡುತ್ತಿರುತ್ತದೆ. ಚೆಂಡು ಹಿಡಿದವಳ ಪಟ್ಟಿ ಕಿತ್ತರೆ ಆಟ ಅಲ್ಲಿಗೆ ನಿಲ್ಲುತ್ತದೆ. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ಇಷ್ಟು ಕಲಿತೆ. ಕೊನೆಯಲ್ಲಿತ್ತು ಗ್ರಹಚಾರ. ಪ್ರತಿ ಎಸೆತಕ್ಕೂ ಮೊದಲು, ಓಡುವವಳು ಎಡಕ್ಕೆ ಹೋಗಬೇಕೋ ಬಲಕ್ಕೋ ಅಂತ ಕೋಚು ಹಿಂದೆ ನಿಂತು ಕೂಗಬೇಕಂತೆ. ಸೂಜಿ ಗುರುತು ಹುಡುಕುತ್ತಾ ನಿಂತರೆ ಎರಡೇ ದಿನದಲ್ಲಿ ಹುಡುಗಿಯರಿಗೆ ಗೊತ್ತಾಗಿಹೋಗುತ್ತದೆ. ಅವರ ಮುಂದೆ ಸಿಕ್ಕಿಬೀಳಬಾರದು ಅನ್ನುವುದೊಂದೇ ನನ್ನ ಚಿಂತೆಯಾಯಿತು. ಆಟದಲ್ಲಿ ಸೋತರೂ ಸರಿ, ಅದೊಂದು ಆಗಕೂಡದು.

ಅದೇ ವಿಡಿಯೋದಲ್ಲಿ ಒಂದು ಸಮಾಧಾನವೂ ಇತ್ತು. ಎಡ, ಬಲ ಅಂತ ನೇರವಾಗಿ ಕೂಗಬಾರದು, ಎದುರಿನವರಿಗೆ ತಿಳಿಯುತ್ತದೆ. ಅದರ ಬದಲು ಕೋಡ್ ವರ್ಡ್ ಇಟ್ಟುಕೊಳ್ಳಬೇಕು. ಶಿವನೇ, ನೀನಿದ್ದೀಯಪ್ಪ ಅಂದುಕೊಂಡೆ. ಎಡ, ಬಲ ಎನ್ನುವ ಎರಡು ಪದಗಳೇ ಇಲ್ಲದ ಆಟದಲ್ಲಿ ನನ್ನ ಗುಟ್ಟು ಹೊರಗೆ ಬೀಳುವುದು ಎಲ್ಲಿಂದ?

ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರಿಗೆ ವಿಷಯ ತಿಳಿದು ತಾವೇ ಮುಂದೆ ಬಂದರು. ಅವರ ಸಲಹೆ, ಎಡಕ್ಕೆ ‘ಎಮ್ಮೆ’, ಬಲಕ್ಕೆ ‘ಬಸ್ಸು’. ಒಂದು ಸಂಜೆ ಕೂಗಿ ನೋಡಿದೆ. ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದ ಹುಡುಗಿಯೊಬ್ಬಳ ತಂದೆ ಒಳಗೆ ಬಂದು, ‘ಯಾಕ್ ಮೇಡಂ, ನನ್ ಮಗಳನ್ನ ಎಮ್ಮೆ ಎಮ್ಮೆ ಅಂತೀರಾ?’ ಅಂತ ಬಹಳ ಮರ್ಯಾದೆಯಿಂದ ಕೇಳಿದರು. ಎಮ್ಮೆಯನ್ನು ಅಲ್ಲಿಗೇ ಬಿಟ್ಟೆವು.

ಮೇಷ್ಟ್ರ ಎರಡನೇ ಸಲಹೆ ಊರುಗಳು. ನಮ್ಮ ಮೈದಾನದಲ್ಲಿ ರೈಲು ಹಳಿಯ ಕಡೆ ಮುಖ ಮಾಡಿ ನಿಂತರೆ ಎಡಕ್ಕೆ ನಿಟ್ಟೂರು, ಬಲಕ್ಕೆ ತುಮಕೂರು. ಬಲು ಚೆನ್ನಾಗಿ ನಡೆಯಿತು. ಅರ್ಧ ಆಟವಾದ ಮೇಲೆ ಎರಡೂ ತಂಡ ಕಡೆ ಬದಲಿಸಬೇಕು, ಅಂದರೆ ಹಳಿಗೆ ಬೆನ್ನು. ನಾನು ‘ನಿಟ್ಟೂರು’ ಅಂದೆ. ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗಿ ಬಲಕ್ಕೆ ಓಡಿದಳು, ಚೆಂಡು ಎಡಕ್ಕೆ ಹೋಯಿತು.

‘ಯಾಕಮ್ಮ ಆ ಕಡೆ ಹೋದೆ?’ ಅಂದೆ.

‘ನಿಟ್ಟೂರು ಆ ಕಡೆನೇ ಅಲ್ವಾ ಮಿಸ್? ದಿನಾ ಅಲ್ಲಿಂದ್ಲೇ ಬರ್ತೀನಿ.’

‘ಈಗ ಕಡೆ ಬದಲಾಯ್ತಲ್ಲ, ಈಗ ನಿಟ್ಟೂರು ಈ ಕಡೆ.’

‘ನಾವ್ ತಿರುಗ್ಕೊಂಡ್ರೆ ನಮ್ಮನೆ ಹೆಂಗ್ ಮಿಸ್ ಈ ಕಡೆ ಬರುತ್ತೆ?’ ಅಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ, ನನ್ನ ಬಗ್ಗೆ ಕನಿಕರವಿತ್ತು. ನ್ಯಾಯ ಅವಳ ಕಡೆಗೇ ಇತ್ತು ಅನ್ನಿ.

ಕೊನೆಗೆ ದಾರಿ ತೋರಿಸಿದ್ದು ಚೆಂಡು ಎಸೆಯುವ ಹುಡುಗಿ. ಅವಳೇ ತಂಡದ ಕ್ಯಾಪ್ಟನ್. ಅವಳಪ್ಪ ಮದುವೆಗಳಿಗೆ ಅಡುಗೆ ಮಾಡಿಸುವವರು. ರಜೆ ಬಂದರೆ ಸಾರಿನ ಬಕೆಟ್ ಹಿಡಿದು ಪಂಕ್ತಿಯಲ್ಲಿ ಬಡಿಸುತ್ತಾಳೆ. ತೋಳಿನ ಶಕ್ತಿ ಬಂದದ್ದು ಆ ಬಕೆಟ್ಟಿನಿಂದಲೇ. ‘ಬಾಳೆಲೆ ಇಟ್ಕೊಳ್ಳಿ ಮಿಸ್,’ ಅಂದಳು. ‘ಎಲೆ ಮುಂದೆ ಕೂತ್ರೆ ಉಪ್ಪು ಎಡಗಡೆ ಮೂಲೆ, ಪಾಯಸ ಬಲಗಡೆ. ಯಾವ್ ಕಡೆ ಮುಖ ಮಾಡಿ ಕೂತ್ರೂ ಎಲೆ ನಮ್ ಜೊತೆನೇ ತಿರುಗುತ್ತೆ.’

ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಉಪ್ಪು ಅಂದರೆ ಎಡ, ಪಾಯಸ ಅಂದರೆ ಬಲ. ನಿಟ್ಟೂರಿನ ಹುಡುಗಿಗೂ ತಕರಾರಿರಲಿಲ್ಲ. ಮೊದಲ ದಿನ ತಪ್ಪಿದ್ದು ಕ್ಯಾಪ್ಟನ್ನೇ. ಅವಳು ಕೂತು ಉಂಡದ್ದಕ್ಕಿಂತ ನಿಂತು ಬಡಿಸಿದ್ದೇ ಜಾಸ್ತಿ, ಎದುರಿನಿಂದ ಅವಳಿಗೆ ಉಪ್ಪು ಬಲಕ್ಕೆ ಕಾಣುತ್ತಿತ್ತು. ‘ಉಣ್ಣೋರ ಥರ ಯೋಚ್ನೆ ಮಾಡು,’ ಅಂದೆ.

‘ಉಣ್ಣೋರ್ದು ಕಷ್ಟ ಮಿಸ್,’ ಅಂದಳು. ‘ಬಾಯಲ್ಲಿ ಸಾಕು ಸಾಕು ಅಂತಾರೆ, ಕೈ ಮಾತ್ರ ಎಲೆಗೆ ಅಡ್ಡ ತರಲ್ಲ. ನಮ್ಮಪ್ಪ ಹೇಳ್ಕೊಟ್ಟಿರೋದೇ ಅದು, ಬಾಯಿ ನೋಡ್ಬೇಡ, ಕೈ ನೋಡು ಅಂತ.’ ಎಲೆ ಎತ್ತೋ ಗುಂಡ ಅಂದ್ರೆ ಉಂಡೋರೆಷ್ಟು ಅಂದ್ನಂತೆ, ಹಾಗಾಯ್ತು ನಿನ್ನ ಮಾತು ಅಂತ ಗದರಿ ಚೆಂಡು ಕೊಟ್ಟೆ.

ಎರಡು ತಿಂಗಳು ಅಭ್ಯಾಸ ನಡೆಯಿತು. ನಾನು ಹಿಂದೆ ನಿಂತು ಉಪ್ಪು, ಪಾಯಸ ಅಂತ ಕೂಗುತ್ತಿದ್ದೆ. ಹುಡುಗಿಯರು ಸಾಲಿಗೆ ಹೋಗುವ ಮುನ್ನ ಒಮ್ಮೆ ಹಿಂತಿರುಗಿ ನನ್ನನ್ನು ನೋಡುತ್ತಿದ್ದರು, ಆಮೇಲೆ ಒಬ್ಬಳೂ ತಪ್ಪದೆ ನಾನು ಮನಸ್ಸಿನಲ್ಲಿ ಅಂದುಕೊಂಡ ಕಡೆಗೇ ಓಡುತ್ತಿದ್ದರು. ಅಬ್ಬಾ, ಬದುಕಿದೆ ಅಂದುಕೊಂಡೆ. ನಲವತ್ತು ವರ್ಷದ ಕಾಯಿಲೆ ಬಾಳೆಲೆಯಲ್ಲಿ ವಾಸಿಯಾಯಿತು ಅಂತ ನಂಬಿದೆ. ಸ್ಕೂಟರಿನಲ್ಲಿ ಮಾತ್ರ ವಾಸಿಯಾಗಿರಲಿಲ್ಲ, ಅದನ್ನು ಯೋಚಿಸಲು ಹೋಗಲಿಲ್ಲ.

ತುಮಕೂರಿನಲ್ಲಿ ನಮ್ಮ ಎದುರು ಬಂದದ್ದು ಕುಣಿಗಲ್ ತಂಡ. ಒಬ್ಬೊಬ್ಬಳೂ ನಮ್ಮವರಿಗಿಂತ ಒಂದು ಗೇಣು ಎತ್ತರ. ಮೇಷ್ಟ್ರು ರಜೆ ಹಾಕಿ ಆಟ ನೋಡಲು ಬಂದಿದ್ದರು. ನಾಲ್ಕನೇ ಎಸೆತದ ಹೊತ್ತಿಗೆ ನನಗೊಂದು ಮಾತು ಹೊಳೆಯಿತು. ಕುಣಿಗಲ್‌ನವರೂ ಮದುವೆ ಊಟ ಮಾಡಿದವರೇ. ಅವರ ಕೋಚು ಆ ಕಡೆಯಿಂದ, ‘ಉಪ್ಪು ಅಂದ್ರೆ ಎಡ ಕಣ್ರೇ, ಅವ್ರ ಎಡಕ್ಕೆ ನಿಂತ್ಕೊಳ್ಳಿ!’ ಅಂತ ಕೂಗಿಯೇಬಿಟ್ಟರು. ಜಿಲ್ಲೆಗೆಲ್ಲ ಒಂದೇ ಎಲೆ, ಒಂದೇ ಪಾಯಸ. ಇಂಥದ್ದನ್ನು ಗುಟ್ಟು ಅಂತ ಇಟ್ಟುಕೊಂಡಿದ್ದೆನಲ್ಲ.

ವಿಚಿತ್ರವೆಂದರೆ ನಾವು ಗೆಲ್ಲುತ್ತಿದ್ದೆವು. ನಾನು ಕೂಗಿದ ಕೂಡಲೇ ಕುಣಿಗಲ್ ಹುಡುಗಿಯರು ಒಂದು ಕಡೆ ಮುತ್ತಿಕೊಳ್ಳುತ್ತಿದ್ದರು, ನಮ್ಮ ನಿಟ್ಟೂರಿನ ಹುಡುಗಿ ಇನ್ನೊಂದು ಕಡೆಯಿಂದ ಆರಾಮವಾಗಿ ಗೆರೆ ದಾಟುತ್ತಿದ್ದಳು. ಅರ್ಧ ಆಟ ಮುಗಿದಾಗ ಮೇಷ್ಟ್ರು ಓಡಿಬಂದು ಕೈ ಕುಲುಕಿದರು. ‘ಮೇಡಂ, ಸಖತ್ ಪ್ಲಾನ್! ಪಾಯಸ ಅಂತ ಕೂಗೋದು, ಎಡಕ್ಕೆ ಕಳ್ಸೋದು. ಪೂರ್ತಿ ಉಲ್ಟಾ! ಕುಣಿಗಲ್‌ನವ್ರ ತಲೆ ಕೆಟ್ಟೋಗಿದೆ.’

‘ಹೂಂ ಸಾರ್,’ ಅಂದೆ. ಎರಡು ತಿಂಗಳಿಂದ ಉಲ್ಟಾ ಕೂಗುತ್ತಿದ್ದೇನೆ, ಹುಡುಗಿಯರು ಹೇಗೋ ಸರಿಯಾಗಿ ಓಡುತ್ತಿದ್ದಾರೆ. ಹೇಗೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದರೆ ಗುಟ್ಟನ್ನು ನಾನೇ ಬಿಚ್ಚಿದ ಹಾಗೆ. ಇನ್ನರ್ಧ ಆಟದಲ್ಲಿ ಒಂದಾದರೂ ತಪ್ಪಿಲ್ಲದೆ ಹೇಳಿ, ಯಾರಿಗೂ ಅನುಮಾನ ಬರದ ಹಾಗೆ ಮುಗಿಸಿಬಿಡೋಣ ಅಂತ ಹಟ ಹುಟ್ಟಿತು.

ತೋಳು ಉಜ್ಜಿ ಎಡ ಯಾವುದು ಅಂತ ಖಾತ್ರಿ ಮಾಡಿಕೊಂಡು, ಮರೆಯದ ಹಾಗೆ ಬೆನ್ನ ಹಿಂದೆ ಆ ಕೈಯ ಬೆರಳು ಹಿಡಿದುಕೊಂಡು ಯೋಚಿಸಿ, ‘ಉಪ್ಪು!’ ಅಂದೆ. ನಾನು ಹೇಳಿದ್ದು ಎಡಕ್ಕೆ, ನನಗೆ ಬೇಕಾಗಿದ್ದೂ ಎಡವೇ. ಬದುಕಿನಲ್ಲಿ ಮೊದಲ ಸಲ ಎರಡೂ ಕೂಡಿಬಂದಿದ್ದವು. ಹುಡುಗಿಯರು ಹಿಂತಿರುಗಿ ನನ್ನನ್ನೇ ನೋಡುತ್ತಾ ನಿಂತರು. ಆಮೇಲೆ ಒಬ್ಬಳು ಅತ್ತ ಓಡಿದಳು, ಒಬ್ಬಳು ಇತ್ತ. ಚೆಂಡು ನೆಲಕ್ಕೆ ಬಿತ್ತು. ಮತ್ತೆ ಸರಿಯಾಗಿ ‘ಪಾಯಸ!’ ಅಂದೆ. ಕುಣಿಗಲ್‌ನವರು ಬಲಕ್ಕೇ ಬಂದು ಪಟ್ಟಿ ಕಿತ್ತರು. ನಾನು ಸರಿಯಾಗಿ ಹೇಳಿದಷ್ಟೂ ನಾವು ಸೋಲುತ್ತಾ ಹೋದೆವು. ಗೆದ್ದು ಕೂಡಿಟ್ಟದ್ದೆಲ್ಲ ಹೋಗಿ ಹಿಂದೆ ಬಿದ್ದೆವು.

ಆಗ ಕ್ಯಾಪ್ಟನ್ ಟೈಮ್ ಔಟ್ ಕೇಳಿ ನನ್ನ ಹತ್ತಿರ ಬಂದಳು. ಯಾರಿಗೂ ಕೇಳಿಸದ ಹಾಗೆ, ‘ಮಿಸ್, ಕೈ ತೆಗೀರಿ,’ ಅಂದಳು.

‘ಯಾವ ಕೈ?’

‘ಎಡಗೈ ಮಿಸ್. ಎಡಕ್ಕೆ ಕಳ್ಸೋದಾದ್ರೆ ಆ ಕೈ ಆಚೆಗೆ ಹೋಗುತ್ತೆ, ಬಲಕ್ಕಾದ್ರೆ ಹೊಟ್ಟೆ ಹತ್ರ ಬರುತ್ತೆ. ಸಣ್ಣಗೆ. ನಾವು ಅದನ್ನೇ ನೋಡಿ ಓಡೋದು. ನೀವ್ ಬಾಯಲ್ಲಿ ಹೇಳೋದು...’ ಅಲ್ಲಿಗೆ ನಿಲ್ಲಿಸಿದಳು. ಮುಗಿಸಲಿಲ್ಲ, ಪುಣ್ಯಾತ್ಗಿತ್ತಿ.

ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಅವಳು ವಾಪಸ್ ಹೋಗಿ ತನ್ನ ಜಾಗದಲ್ಲಿ ನಿಂತಳು. ಐದು ಹುಡುಗಿಯರೂ ತಿರುಗಿ ನನ್ನ ಸೊಂಟದ ಕಡೆ ನೋಡುತ್ತಿದ್ದರು. ನಾನು ಬೆನ್ನ ಹಿಂದಿನಿಂದ ಕೈ ತೆಗೆದೆ. ಬಾಯಲ್ಲಿ ಏನು ಕೂಗಿದೆನೋ ಈಗಲೂ ನೆನಪಿಲ್ಲ. ಎಡಗೈ ಮಾತ್ರ ತಾನೇ ಪಕ್ಕಕ್ಕೆ ಹೋಯಿತು. ನಿಟ್ಟೂರಿನ ಹುಡುಗಿ ಎಡಕ್ಕೆ ಓಡಿದಳು, ಚೆಂಡು ಅವಳ ಎದೆಗೇ ಬಂದು ಕೂತಿತು, ಕುಣಿಗಲ್‌ನವರೆಲ್ಲ ಬಲಕ್ಕಿದ್ದರು. ಅವಳು ಗೆರೆ ದಾಟಿದ ಮೇಲೂ ಓಡುತ್ತಲೇ ಇದ್ದಳು.

ಗೆಲ್ಲಲಿಲ್ಲ. ನಾನು ಸರಿಯಾಗಿ ಹೇಳಿ ಕಳೆದದ್ದನ್ನು ವಾಪಸ್ ತರಲು ಅದೊಂದು ಸಾಲಲಿಲ್ಲ. ಮೇಷ್ಟ್ರು, ‘ಉಲ್ಟಾ ಪ್ಲಾನ್ ಯಾಕ್ ಬಿಟ್ರಿ ಮೇಡಂ?’ ಅಂತ ಬಸ್ ಸ್ಟ್ಯಾಂಡಿನವರೆಗೂ ಕೊರೆದರು.

ಗುಬ್ಬಿ ಬಸ್ಸಿನಲ್ಲಿ ಕ್ಯಾಪ್ಟನ್ ಪಕ್ಕದಲ್ಲಿ ಕೂತೆ. ಸ್ವಲ್ಪ ದೂರ ಹೋದ ಮೇಲೆ, ‘ಯಾವಾಗಿಂದ ಗೊತ್ತು ನಿಂಗೆ?’ ಅಂತ ಕೇಳಿದೆ.

‘ಫಸ್ಟ್ ವಾರದಿಂದ್ಲೇ ಮಿಸ್. ಎಲ್ರಿಗೂ ಗೊತ್ತು.’

‘ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?’

ಅವಳು ಕಿಟಕಿ ಕಡೆ ನೋಡುತ್ತಾ, ‘ಹೇಳಿದ್ರೆ ನೀವು ಕೈ ಬಚ್ಚಿಟ್ಕೊಂಡ್ ಬುಡ್ತಿದ್ರಿ ಮಿಸ್,’ ಅಂದಳು.

ಆಮೇಲೆ ಬ್ಯಾಗಿನಿಂದ ಕಡ್ಲೆಪುರಿ ಪೊಟ್ಟಣ ತೆಗೆದು ನನ್ನ ಕಡೆ ಚಾಚಿದಳು. ನಾನು ಎಡಗೈ ಹಾಕಿ ಒಂದು ಹಿಡಿ ತೆಗೆದುಕೊಂಡೆ.