ಸಿನಿಮಾ ಹೇಳುವ ತಾಯಣ್ಣ

ಪತ್ರಿಕೆಯವನ ಹತ್ತಿರ ಯಾರಾದರೂ ಲಂಚ ಹಿಡಿದು ಬಂದೇ ಬರುತ್ತಾರೆಂದು ನಾನು ಬಹಳ ದಿನ ನಂಬಿದ್ದೆ. ನೋಡಿದ ಸಿನಿಮಾಗಳಲ್ಲೆಲ್ಲ ಹಾಗೇ ಇತ್ತು: ಸಾಹುಕಾರ ನೋಟಿನ ಕಟ್ಟು ಇಡುವುದು, ಸಂಪಾದಕ ಅದನ್ನು ಅವನ ಮುಖಕ್ಕೇ ಎಸೆಯುವುದು. ೧೯೪೬ರಲ್ಲಿ ರಾಯಚೂರಿನ ಒಂದು ವಾರಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಸಿಕ್ಕಿತು. ಜೊತೆಗೆ ಮಾನ್ವಿಯ ಸುದ್ದಿ ಬರೆಯುವುದೂ ನನ್ನ ಪಾಲಿಗೆ ಬಂದಾಗ, ಕನ್ನಡಿ ಮುಂದೆ ನಿಂತು ಎಸೆಯುವುದನ್ನು ಅಭ್ಯಾಸ ಮಾಡಿದೆ. ಎಂಟು ತಿಂಗಳಾದರೂ ಯಾರೂ ಬರಲಿಲ್ಲ.

ಮಾನ್ವಿಯ ಡೇರೆ ಟಾಕೀಸಿನಲ್ಲಿ ತಾಯಣ್ಣ ಎಂಬವನಿದ್ದ. ನೀರಮಾನ್ವಿಯ ಕೂಲಿಕಾರರ ಮನೆಯವನು. ದೇವದುರ್ಗದ ತಹಶೀಲ್ದಾರರ ಕುದುರೆಯ ಮೈ ತಿಕ್ಕುತ್ತ ಉರ್ದು ಕಲಿತಿದ್ದ. ಹಿಂದಿ ಸಿನಿಮಾದ ಮಾತು ತಿಳಿಯದ ಜನಕ್ಕೆ ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕೂಗಿ ಹೇಳುವುದು ಅವನ ಉದ್ಯೋಗ. ನಾಯಕಿ ಅತ್ತರೆ, "ಅಳಬ್ಯಾಡ ಬೇ ಯವ್ವಾ, ಇನ್ನೆರಡು ರೀಲ್‌ನ್ಯಾಗ ಲಗ್ನ ಅದ" ಎಂದು ಸಮಾಧಾನವನ್ನೂ ಮಾಡುತ್ತಿದ್ದ.

ಆ ವರ್ಷ ವಿರೂಪಣ್ಣ ಸಾಹುಕಾರರ ಹತ್ತಿ ಗಿರಣಿಯ ಯಂತ್ರಕ್ಕೆ ಸಿಕ್ಕು ತಾಯಣ್ಣನ ತಂಗಿ ಮೂಕಮ್ಮನ ಮೂರು ಬೆರಳು ಹೋದವು. "ಮನ್ಯಾಗ ಕುಡುಗೋಲು ಹತ್ತಿರಬೇಕು" ಎಂದುಬಿಟ್ಟರು ಸಾಹುಕಾರರು, ದವಾಖಾನೆಗೂ ಕಳಿಸಲಿಲ್ಲ. ಆಕೆ ಕೈಗೆ ಅರಿಷಿಣ ಮೆತ್ತಿಕೊಂಡು ಜ್ವರದಲ್ಲಿ ಮಲಗಿದ್ದಳು.

ನಾನು ವಿಚಾರಿಸಲು ಗಿರಣಿಗೆ ಹೋದೆ. ನೋಟಿನ ಕಟ್ಟು ಇವತ್ತು ಬಂದೇ ಬಂತೆಂದು ತೋಳು ಸಡಿಲ ಮಾಡಿಕೊಂಡೆ. ಸಾಹುಕಾರರು, "ಬರ್ರಿ ಪೇಪರ್‌ದವ್ರ, ಕುರ್ಚಿ ಮ್ಯಾಲ ಕುಂದರ್ರಿ" ಎಂದು ಚಹಾ ತರಿಸಿದರು. ಅಲ್ಲಿಯವರೆಗೆ ಮಾನ್ವಿಯಲ್ಲಿ ನನ್ನನ್ನು ಯಾರೂ ಕುರ್ಚಿಯಲ್ಲಿ ಕೂರಿಸಿರಲಿಲ್ಲ. ಗಿರಣಿಯ ಹೆಸರು ಬಿಟ್ಟು, 'ಮಾನ್ವಿಯಲ್ಲಿ ಒಬ್ಬ ಹೆಂಗಸಿಗೆ ಅಲ್ಪ ಗಾಯ' ಎಂದು ಒಂದು ಸಾಲು ಹಾಕಿದೆ. ಚಹಾಕ್ಕೆ ಏಲಕ್ಕಿ ಹಾಕಿದ್ದರು.

ಮುಂದಿನ ಶನಿವಾರ ಡೇರೆಯಲ್ಲಿ ಪತ್ರಿಕೆಯವರ ಕಥೆಯ ಸಿನಿಮಾ. ಕುರ್ಚಿ ಸಾಲಿನಲ್ಲಿ ಸಾಹುಕಾರರು, ಅವರ ಪಕ್ಕ ನಾನು. ಪರದೆಯ ಮೇಲೆ ಸಂಪಾದಕ ಮೇಜು ಗುದ್ದಿ, ಸತ್ಯದ ಬಗ್ಗೆ ಏನೋ ಗುಡುಗಿದ.

"ಕೇಳ್ರಪ್ಪೋ!" ತಾಯಣ್ಣ ದನಿ ಎತ್ತಿದ. "ಎಡಿಟರ್ ಸಾಹೇಬ್ರು ಹೇಳಾಕತ್ತಾರ, ವಿರೂಪಣ್ಣನ ಗಿರಣ್ಯಾಗ ಮೂಕಮ್ಮನ ಮೂರು ಬೆರಳು ಹೋಗ್ಯಾವ, ನಾಳಿ ಪೇಪರ್‌ನ್ಯಾಗ ಹಾಕ್ತೀನಿ ಅಂತ!"

ಡೇರೆ ಹೋ ಎಂದಿತು. "ಬೊಂಬಾಯಿತನಕ ಸುದ್ದಿ ಮುಟ್ಟ್ಯದಲೇ!" ಎಂದು ಯಾರೋ ಅರಚಿದ. ಸಾಹುಕಾರರು ಶಲ್ಯ ಒದರಿಕೊಂಡು ಎದ್ದು ಹೋದರು.

ಬೆಳಗಾಗುತ್ತಲೇ ಅವರದೇ ಬಂಡಿಯಲ್ಲಿ ಮೂಕಮ್ಮನನ್ನು ರಾಯಚೂರಿನ ದವಾಖಾನೆಗೆ ಕಳಿಸಿದರು. ಡೇರೆ ಹಾಕಿದ ಜಾಗವೂ ಅವರದೇ. ತಾಯಣ್ಣನ ಕೆಲಸ ಆ ಬೆಳಿಗ್ಗೆಯೇ ಹೋಯಿತು.

ಬಂಡಿಯ ಹಿಂದೆ ನಡೆದು ಹೊರಟವನ ಜೊತೆ ಹೆಜ್ಜೆ ಹಾಕುತ್ತ, ಪತ್ರಿಕಾಧರ್ಮ ಬಲ್ಲವನ ಗತ್ತಿನಲ್ಲಿ ಕೇಳಿದೆ: "ಎಡಿಟರ್ ಹಂಗ ಅಂದೇ ಇಲ್ಲಲ್ಲಪಾ ತಾಯಣ್ಣ. ಜನಕ್ಕ ಸುಳ್ಳು ಹೇಳೋದು ತಪ್ಪಲ್ಲೇನು?"

"ತಪ್ಪೇ ರೀ," ಎಂದ. "ನೀವು ಖರೇ ಬರ್ದಿದ್ರ ನಾ ಯಾಕ ಸುಳ್ಳ ಹೇಳ್ತಿದ್ನಿ?"